ಗ್ರೀಕೋ ಸ್ವೀಡಿಷೋ

೧೨ ಜನವರಿ ೨೦೨೫, ಭಾನುವಾರ

ಸೀರೆ ಅಂಗಡಿಯ ಕೈಲಾಸ್ ಹೊಸ ವರ್ಷಕ್ಕೆಂದು ಕೊಟ್ಟ ಡೈರಿ ಇದು. ಹನ್ನೊಂದು ದಿನ ಖಾಲಿ ಬಿಟ್ಟಿದ್ದೆ. ಇವತ್ತು ಬರೆಯದಿದ್ದರೆ ತಲೆ ಸಿಡಿಯುತ್ತದೆ. ಬೇರೆ ಯಾರ ಹತ್ತಿರ ಹೇಳಿಕೊಳ್ಳಲಿ?

ಬಿಟಿಎಂ ಲೇಔಟ್‌ನಿಂದ ಮೇಘಶ್ರೀ ಬಂದಿದ್ದಳು. ವಾರವೆಲ್ಲ ಆಫೀಸು, ರಜೆಯ ದಿನ ಒಂದು ಸಂಘದ ಪರವಾಗಿ ಹುಡುಕಾಟ. ವಿದೇಶಕ್ಕೆ ದತ್ತು ಹೋದ ಮಕ್ಕಳಿಗೆ ಹೆತ್ತವರನ್ನು ಹುಡುಕಿಕೊಡುವುದು ಆ ಸಂಘದ ಕೆಲಸ. ಹೋದ ವರ್ಷ ನಾನೇ ಅವಳಿಗೆ ಫೋನ್ ಮಾಡಿದ್ದೆ. ಅಮ್ಮ ಮನೆಯಲ್ಲಿದ್ದಳಲ್ಲ, ಅದಕ್ಕೇ ಅವಳನ್ನು ಇಟ್ಟಮಡುವಿನ ದರ್ಶಿನಿ ಹೋಟೆಲಿನ ಮೂಲೆಯ ಟೇಬಲ್ಲಿಗೆ ಕರೆದುಕೊಂಡು ಹೋದೆ. "ಆಂಟಿ, ಆಶ್ರಮದ ಹಳೇ ರಿಜಿಸ್ಟರ್ ಸಿಕ್ತು" ಅಂದಳು. ನನ್ನ ಕಾಫಿ ಅಲ್ಲೇ ಆರಿಹೋಯಿತು.

ಇಲ್ಲಿ ಬರೆಯಲು ನಾಚಿಕೆ ಯಾಕೆ. ೧೯೯೫ರಲ್ಲಿ ನನಗೆ ಹತ್ತೊಂಬತ್ತು. ಮದುವೆಯಿಲ್ಲದೆ ಬಸುರಾದೆ. ಆ ಮಹಾಶಯನ ಹೆಸರನ್ನು ಬರೆದು ಪುಟ ಕೆಡಿಸುವುದಿಲ್ಲ. ತಿಪಟೂರಿನ ಚಿಕ್ಕಮ್ಮನ ಮನೆಯಲ್ಲಿ ಟೈಪಿಂಗ್ ಕಲಿಯುತ್ತಿದ್ದಾಳೆ ಎಂದು ಅಪ್ಪನಿಗೆ ಸುಳ್ಳು ಹೇಳಿ ಅಮ್ಮ ನನ್ನನ್ನು ಊರಾಚೆಯ ಆಶ್ರಮವೊಂದಕ್ಕೆ ಸೇರಿಸಿದಳು. ಅಲ್ಲಿ ಹೆತ್ತೆ, ಹೆಣ್ಣು ಮಗು. ಅಲ್ಲೇ ಬಿಟ್ಟು ಬಂದೆ. ಅಪ್ಪ ಸಾಯುವವರೆಗೂ ಅವನಿಗೆ ಗೊತ್ತಾಗಲಿಲ್ಲ.

ಆಶ್ರಮದಲ್ಲಿ ನಿಜವಾದ ಹೆಸರು ಹೇಳುವಂತಿರಲಿಲ್ಲ. ಮೇಲ್ವಿಚಾರಕಿ ಗೋಡೆಯ ಕ್ಯಾಲೆಂಡರಿನ ಕಡೆ ಕೈ ತೋರಿಸಿ "ಅಲ್ಲಿರೋ ದೇವ್ರ ಹೆಸ್ರೇ ಇಟ್ಕೊಳಮ್ಮ" ಅನ್ನುತ್ತಿದ್ದರು. ನಾನು ಸೇರಿದ ತಿಂಗಳು ವೀಣೆ ಹಿಡಿದ ಶಾರದೆ ಇದ್ದಳು. ಅದೇ ತಿಂಗಳು ಇನ್ನೊಬ್ಬಳು ಸೇರಿದಳು, ಅವಳೂ ಶಾರದೆಯೇ. ರಿಜಿಸ್ಟರಿನಲ್ಲಿ ಇಬ್ಬರಿಗೂ ವಯಸ್ಸು ಹತ್ತೊಂಬತ್ತು, ಊರು ಬೆಂಗಳೂರು. ಹೆತ್ತ ತಾರೀಕು ನೋಡಿ ಬೇರೆ ಮಾಡೋಣವೆಂದರೆ ಆ ಪುಣ್ಯಾತ್ಗಿತ್ತಿ ಮೇಲ್ವಿಚಾರಕಿ ತಿಂಗಳ ಕೊನೆಗೆ ಒಂದೇ ಸಲ ಕೂತು ರಿಜಿಸ್ಟರ್ ಬರೆಯುತ್ತಿದ್ದಳಂತೆ. ಅಕ್ಟೋಬರಿನಲ್ಲಿ ಹುಟ್ಟಿದ ಎಲ್ಲ ಮಕ್ಕಳಿಗೂ ಮೂವತ್ತೊಂದನೇ ತಾರೀಕು. ಸ್ಕೂಲಿಗೆ ಸೇರಿಸುವಾಗ ನಮ್ಮನ್ನೆಲ್ಲ ಜೂನ್ ಒಂದಕ್ಕೆ ಹುಟ್ಟಿಸಿದರಲ್ಲ, ಹಾಗೆ.

ಇಬ್ಬರು ಶಾರದೆಯರಿಗೂ ಹೆಣ್ಣು ಮಗು. ಒಂದು ಸ್ವೀಡನ್‌ಗೆ ಹೋಗಿದೆ, ಒಂದು ಗ್ರೀಸ್‌ಗೆ. ನನ್ನದು ಯಾವುದೋ ಯಾರಿಗೂ ಗೊತ್ತಿಲ್ಲ.

"ಗುರ್ತು ಏನಾದ್ರೂ ಇತ್ತಾ ಆಂಟಿ? ಮಚ್ಚೆ ಗಿಚ್ಚೆ?"

"ಇಲ್ಲ ಕಣಮ್ಮ. ನಂಗೆ ಮಗು ತೋರಿಸ್ಲೇ ಇಲ್ಲ" ಅಂದೆ.

ಸ್ವೀಡನ್ನಿನದು ತಾನಾಗಿಯೇ ತಾಯಿಯನ್ನು ಹುಡುಕುತ್ತಿದೆಯಂತೆ. ಅದರ ಎಂಜಲಿನ ಜೊತೆ ನನ್ನ ಎಂಜಲು ಹೋಲಿಸಿ ಡಿಎನ್‌ಎ ನೋಡುತ್ತಾರಂತೆ. ದರ್ಶಿನಿಯ ಕೈ ತೊಳೆಯುವ ಜಾಗದಲ್ಲಿ ನಿಂತು ಪ್ಲಾಸ್ಟಿಕ್ ನಳಿಕೆಯೊಳಗೆ ಉಗಿದು ಕೊಟ್ಟೆ. ಫಲಿತಾಂಶಕ್ಕೆ ಎಂಟು ಹತ್ತು ವಾರ.

೧೪ ಜನವರಿ, ಸಂಕ್ರಾಂತಿ

ಅಮ್ಮನೂ ನಾನೂ ಎಳ್ಳುಬೆಲ್ಲ ಕೊಟ್ಟುಕೊಂಡೆವು. ಅದೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಮಾತಾಡಿದೆವು. ಮೂವತ್ತು ವರ್ಷದಿಂದ ಹೀಗೆಯೇ.

೧೯ ಜನವರಿ, ಭಾನುವಾರ

ಎರಡೂ ಭಾಷೆ ಕಲಿಯುತ್ತೇನೆ. ನಿರ್ಧಾರ ಮಾಡಿಯಾಯಿತು.

ಮೇಘಶ್ರೀ ಫೋನಿನಲ್ಲೇ ನಕ್ಕಳು. "ಸ್ವೀಡನ್‌ನಲ್ಲಿ ಎಲ್ರಿಗೂ ಇಂಗ್ಲಿಷ್ ಬರತ್ತೆ ಆಂಟಿ, ಗ್ರೀಸ್‌ನಲ್ಲೂ ಈಗಿನೋರಿಗೆ ಬರತ್ತೆ. ಸುಮ್ನೆ ಯಾಕೆ ತಲೆ ಕೆಡಿಸ್ಕೋತೀರಾ?" ನನ್ನ ಇಂಗ್ಲಿಷ್ ಗ್ಯಾಸ್ ಏಜೆನ್ಸಿಗೆ, ಬ್ಯಾಂಕಿಗೆ ಸಾಕು. ಹೆತ್ತ ಮಗುವಿನ ಹತ್ತಿರವೂ ಕೆವೈಸಿ ಭಾಷೆಯಲ್ಲೇ ಮಾತಾಡಲೇನು? ಹೇಳಬೇಕಾದದ್ದು ಎರಡೇ ಮಾತಿರಬಹುದು. ಆದರೆ ಅದು ಯಾವ ಭಾಷೆಯಲ್ಲಿ ಹಸಿವು ಅನ್ನಲು ಕಲಿಯಿತೋ ಅದೇ ಭಾಷೆಯಲ್ಲಿ ಹೇಳಬೇಕು.

ಸಮಯವೇನೋ ನನ್ನ ಹತ್ತಿರ ಬೇಕಾದಷ್ಟಿದೆ. ಜಯನಗರದ ಅಂಗಡಿಯಿಂದ ಬರುವ ಸೀರೆಗಳಿಗೆ ಕುಚ್ಚು ಕಟ್ಟುವ ಕೆಲಸ. ಸೆರಗಿನ ಅಂಚಿನ ದಾರ ಬಿಡಿಸಿ, ಗಂಟು ಹಾಕಿ, ಮಣಿ ಪೋಣಿಸುತ್ತ ಕೂತರೆ ಕಣ್ಣು ಕೈ ಎರಡೂ ಅದರಲ್ಲೇ. ಕಿವಿ ಮಾತ್ರ ಖಾಲಿ. ಇಷ್ಟು ವರ್ಷ ಆ ಕಿವಿಗೆ ಟಿವಿ ಸೀರಿಯಲ್ ಹಾಕಿ ಹಾಳು ಮಾಡಿದೆ. ಫೋನಿನಲ್ಲಿ ಪಾಠಗಳು ಪುಕ್ಕಟೆ ಸಿಗುತ್ತವೆ. ಬೆಳಗ್ಗೆ ಗ್ರೀಕ್, ಊಟ ಆದ ಮೇಲೆ ಸ್ವೀಡಿಷ್.

ಇಂಗ್ಲಿಷ್ ಬಲ್ಲವರಿಗೆ ಸ್ವೀಡಿಷ್‌ಗೆ ಏಳುನೂರು ಗಂಟೆ ಬೇಕಂತೆ, ಗ್ರೀಕ್‌ಗೆ ಸಾವಿರದ ನೂರು. ಕನ್ನಡ ಬಲ್ಲವರಿಗೆ ಎಷ್ಟು ಎಂದು ಯಾರೂ ಲೆಕ್ಕ ಹಾಕಿಲ್ಲ. ನಾನೇ ಹಾಕಿದೆ. ಒಂದು ಸೀರೆಗೆ ಮೂರು ಗಂಟೆಯೆಂದರೆ ಸ್ವೀಡಿಷ್ ಇನ್ನೂರಮೂವತ್ತು ಸೀರೆ ದೂರ, ಗ್ರೀಕ್ ಮುನ್ನೂರೈವತ್ತಕ್ಕೂ ಮೇಲೆ. ದಿನಕ್ಕೆ ಎರಡೇ ಸೀರೆ ಆಗುವುದು. ಶಿವನೇ.

೨ ಫೆಬ್ರವರಿ, ಭಾನುವಾರ

ಐವತ್ತರ ಹೊಸ್ತಿಲಲ್ಲಿರುವ ಹೆಂಗಸು ಯಾರಾದರೂ ಬಂದು "ರಾಜಶ್ರೀ, ಗ್ರೀಕ್ ಕಲೀಲೋ ಸ್ವೀಡಿಷ್ ಕಲೀಲೋ" ಎಂದು ಕೇಳಿದರೆ ಹೀಗೆ ಹೇಳುತ್ತೇನೆ. ಇಟ್ಟಮಡುವಿನಲ್ಲಿ ಯಾರೂ ಕೇಳುವುದಿಲ್ಲ, ಅದು ಬೇರೆ ಮಾತು.

ನೋಡಮ್ಮ, ಸ್ವೀಡಿಷ್‌ಗೆ ಅಕ್ಷರ ಇಂಗ್ಲಿಷಿನವೇ. ಕೊನೆಯಲ್ಲಿ ಮೂರು ಹೆಚ್ಚು, ತಲೆಯ ಮೇಲೆ ಚುಕ್ಕಿಯೋ ಸೊನ್ನೆಯೋ ಹೊತ್ತಂಥವು. ಕ್ರಿಯಾಪದ ಬಲು ಸುಲಭ. ಬಂದೆ, ಬಂದಳು, ಬಂದರು ಅನ್ನುವ ರಗಳೆಯೇ ಇಲ್ಲ, ಯಾರು ಬಂದರೂ ಒಂದೇ ರೂಪ. ಓದಿಕೊಂಡು ಹೋದರೆ ಎರಡೇ ವಾರದಲ್ಲಿ ನಾನೇ ಪಂಡಿತೆ ಅನ್ನಿಸುತ್ತದೆ. ಬಾಯಿ ಬಿಟ್ಟೆಯೋ, ಕೆಟ್ಟೆ. ಮಾತಿಗೆ ಒಂದು ರಾಗವಿದೆ, ಏರಿ ಇಳಿದು ಮತ್ತೆ ಏರಬೇಕು. ಸ್ವರ ಒಂಬತ್ತು, ಒಂದೊಂದಕ್ಕೂ ಹ್ರಸ್ವ ದೀರ್ಘ. ಹ್ರಸ್ವ ದೀರ್ಘ ನಮಗೆ ಹೊಸದಲ್ಲ, ಒಂಬತ್ತು ಸ್ವರ ಹೊಸದು. 'ಶ'ಕಾರದಂಥದ್ದೊಂದು ಇದೆ, ಬಿಸಿ ಕಾಫಿ ಊದುವ ಹಾಗೆ ಬಾಯಿ ಮಾಡಬೇಕು.

ಗ್ರೀಕ್‌ಗೆ ಅಕ್ಷರವೇ ಬೇರೆ, ಇಪ್ಪತ್ತನಾಲ್ಕು. ಅರ್ಧ ಹೈಸ್ಕೂಲ್ ಗಣಿತದಲ್ಲಿ ನೋಡಿದ್ದವೇ, ಆಲ್ಫಾ, ಬೀಟಾ, ಥೀಟಾ, ಪೈ. ಗಣಿತದಲ್ಲಿ ಫೇಲಾದವಳು ಅವುಗಳ ಮುಖ ಮತ್ತೆ ನೋಡಬೇಕಾಗಿ ಬಂತು. ವಿಭಕ್ತಿ, ಲಿಂಗ, ಕಾಲ ಎಲ್ಲವೂ ಇವೆ, ಕಂಠಪಾಠ ಮಾಡಬೇಕು. ಆದರೆ ನಾಲಿಗೆಗೆ ಸುಖ. ಅ ಎ ಇ ಒ ಉ, ಐದೇ ಸ್ವರ. ಯಾರು ಬಂದರು ಅನ್ನುವುದು ನಮ್ಮ ಹಾಗೆಯೇ ಕ್ರಿಯಾಪದದ ಬಾಲದಲ್ಲಿ ಗೊತ್ತಾಗುತ್ತದೆ, 'ನಾನು' ಅನ್ನುವುದನ್ನು ಬಿಟ್ಟರೂ ನಡೆಯುತ್ತದೆ. ದೊಡ್ಡವರಿಗೆ 'ನೀವು' ಅನ್ನುವ ಮರ್ಯಾದೆಯೂ ಇದೆ. ಸ್ವೀಡಿಷ್‌ನಲ್ಲಿ ಎಲ್ಲರೂ ನೀನೇ. ಅಜ್ಜಿಯೂ ನೀನು, ಮೇಷ್ಟ್ರೂ ನೀನು.

ಆದರೂ ಸ್ವೀಡಿಷ್‌ನವರನ್ನು ಒಂದಕ್ಕೆ ಮೆಚ್ಚಬೇಕು, ನೆಂಟಸ್ತಿಕೆಯನ್ನು ಕಲಸಿ ಹಾಕಿಲ್ಲ. ತಾಯಿಯ ತಂಗಿಗೆ ಒಂದು ಹೆಸರು, ತಂದೆಯ ತಂಗಿಗೆ ಇನ್ನೊಂದು. ತಾಯಿಯ ತಾಯಿಗೆ ಮುರ್ಮುರ್, ತಂದೆಯ ತಾಯಿಗೆ ಫಾರ್ಮುರ್. ಅಮ್ಮ ಕೊಟ್ಟಿಗೆ ಬಾಗಿಲಲ್ಲಿ ಕೂತ ಹಳ್ಳಿಯವಳ ಹಾಗೆ ಹೊಸ್ತಿಲಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದಳು. ಬಾಯಿ ತಪ್ಪಿ "ಮುರ್ಮುರ್" ಅಂದೆ. "ಚುರುಮುರಿ ಬೇಕಾ?" ಅಂದಳು. ಎಷ್ಟೋ ದಿನದ ಮೇಲೆ ನಕ್ಕೆ.

ಗ್ರೀಸ್ ಆದರೆ ಒಳ್ಳೆಯದು ಅನ್ನಿಸುತ್ತದೆ. ಬಿಸಿಲಿನ ದೇಶ. ಸ್ವೀಡನ್ನಿನಲ್ಲಿ ಚಳಿಗಾಲದಲ್ಲಿ ಮಧ್ಯಾಹ್ನ ಮೂರಕ್ಕೇ ಕತ್ತಲಂತೆ.

೧೧ ಫೆಬ್ರವರಿ, ಮಂಗಳವಾರ

ಗ್ರೀಕ್‌ನಲ್ಲಿ ಮಗುವಿಗೆ ಪೆದೀ. ಸ್ವೀಡಿಷ್‌ನಲ್ಲಿ ಬಾರ್ನ್. ಎರಡೂ ನಪುಂಸಕವಂತೆ, ನಮ್ಮಲ್ಲಿ ಇರುವ ಹಾಗೆಯೇ. ಮೂರು ಭಾಷೆಯೂ ಸೇರಿ ನನ್ನ ಪರ ಸಾಕ್ಷಿ ಹೇಳಿದವು, 'ಅದು' ಎನ್ನುವುದು ತಪ್ಪೇನಲ್ಲ ಎಂದು.

ಆದರೆ ಅವಳಿಗೀಗ ಇಪ್ಪತ್ತೊಂಬತ್ತು ದಾಟಿದೆ. ಮದುವೆ ಆಗಿರಬಹುದು. ಕನ್ನಡಕ ಬಂದಿರಬಹುದು, ನನಗೆ ಇಪ್ಪತ್ತೈದಕ್ಕೇ ಬಂತು.

೧೭ ಫೆಬ್ರವರಿ

ಏನೂ ತಲೆಗೆ ಹೋಗುತ್ತಿಲ್ಲ. ನಿನ್ನೆ ಕಲಿತದ್ದು ಇವತ್ತಿಲ್ಲ. ಕಲಿತರೂ ಒಂದು ಭಾಷೆ ನೂರಕ್ಕೆ ನೂರು ವ್ಯರ್ಥ, ಯಾವುದು ಅನ್ನುವುದೇ ಗೊತ್ತಿಲ್ಲ. ಈ ವಯಸ್ಸಿನಲ್ಲಿ ಇದೆಲ್ಲ ಬೇಕಿತ್ತಾ ನನಗೆ.

೨೬ ಫೆಬ್ರವರಿ, ಶಿವರಾತ್ರಿ

ಇವತ್ತಿನದು ಪೂರ್ತಿ ಬರೆಯಬೇಕು.

ಅಮ್ಮ ಬೆಳಗ್ಗೆ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಪೂಜೆಗೆ ಕೂತಿದ್ದಳು. ನಾನು ಪಕ್ಕದ ಕೋಣೆಯಲ್ಲಿ ಕುಚ್ಚು ಕಟ್ಟುತ್ತ ಗ್ರೀಕ್ ಒಪ್ಪಿಸುತ್ತಿದ್ದೆ. ಪೂಜೆ ಮುಗಿಸಿ ಬಂದವಳೇ "ಏನೇ ಅದು ಒಂದು ತಿಂಗಳಿಂದ ಗೊಣಗಾಟ? ಮಾಟ ಮಂತ್ರ ಕಲೀತಿದೀಯಾ ಹೆಂಗೆ?" ಅಂದಳು. ಉಪವಾಸದ ಸಿಟ್ಟೋ ಏನೋ, ನನಗೂ ತಡೆಯಲಿಲ್ಲ. "ನಿನ್ನ ಮೊಮ್ಮಗಳ ಭಾಷೆ ಕಲೀತಿದೀನಿ. ಗ್ರೀಸೋ ಸ್ವೀಡನ್ನೋ ಗೊತ್ತಿಲ್ಲ, ಅದಕ್ಕೆ ಎರಡೂ" ಅಂದೆ.

ಅಮ್ಮನ ಹೆಸರು ನೀಲಗಂಗಮ್ಮ. ಎಪ್ಪತ್ತಾರು ವರ್ಷ. ಅವಳು ಕಂಬ ಹಿಡಿದುಕೊಂಡದ್ದನ್ನು ನಾನು ಮೊದಲ ಸಲ ನೋಡಿದೆ. ಈಗ ಬೈಯುತ್ತಾಳೆ, ಈಗ ಅಳುತ್ತಾಳೆ ಎಂದು ಕಾದೆ. ಅವಳು ಕೇಳಿದ್ದು ಬೇರೆಯೇ. "ಅದರ ತೋಳಲ್ಲಿ ಲಿಂಗ ಇದೆಯಂತಾ?"

"ಯಾವ ಲಿಂಗ?"

"ನಾನು ಕಟ್ಟಿದ್ದೆ ಕಣೇ. ಮಠದ ಅಯ್ನೋರ ಹತ್ರ ಸುಳ್ಳು ಹೇಳಿ ತಂದಿದ್ದೆ, ನಮ್ಮಣ್ಣನ ಮೊಮ್ಮಗೀಗೆ ಅಂತ. ಬಿಳೀ ಬಟ್ಟೇಲಿ ಸುತ್ತಿ ತೋಳಿಗೆ ಕಟ್ಟಿದೆ. ನಮ್ಮನೆ ಮಗೂನ ಲಿಂಗ ಇಲ್ದೆ ಕಳಿಸೋಕೆ ನಾನೇನು ರಾಕ್ಷಸೀನಾ?"

ಮೂವತ್ತು ವರ್ಷ ನಾನು ಅದೇ ಅಂದುಕೊಂಡಿದ್ದೆ, ರಾಕ್ಷಸಿ ಎಂದೇ.

"ಮೂಗು ನಿಂದೇ" ಅಂದಳು ಅಮ್ಮ. "ತಲೆ ತುಂಬ ಕೂದಲು. ನಿನ್ನ ಮುಂದೆ ತಂದು ಹಿಡಿದ್ನಲ್ಲ, ಒಂದ್ಸಲ ನೋಡೇ ಅಂತ ಎಷ್ಟು ಕರೆದೆ. ನೀನು ಗೋಡೆ ಕಡೆ ತಿರುಕ್ಕೊಂಡು ಮಲಗಿದೋಳು ತಿರುಗ್ಲೇ ಇಲ್ವಲ್ಲ."

ಹೌದು. ಜನವರಿ ಹನ್ನೆರಡರಂದು ಈ ಡೈರಿಯಲ್ಲಿ ಬರೆದದ್ದನ್ನು ಈಗ ಮತ್ತೆ ಓದಿದೆ. ತೋರಿಸಲೇ ಇಲ್ಲ ಎಂದು ಮೇಘಶ್ರೀಗೆ ಹೇಳಿದ್ದು ಸುಳ್ಳು. ತೋರಿಸಿದರು, ನಾನು ನೋಡಲಿಲ್ಲ. ನೋಡಿದರೆ ಬಿಟ್ಟು ಬರಲಾಗುವುದಿಲ್ಲ ಎಂದು ಗೊತ್ತಿತ್ತು, ಬಿಟ್ಟು ಬರಲೇಬೇಕೆಂದೂ ಗೊತ್ತಿತ್ತು. ಗೋಡೆಯ ಸುಣ್ಣ ಒಂದು ಕಡೆ ಉದುರಿತ್ತು. ಅದು ನೆನಪಿದೆ, ಮಗಳ ಮುಖ ಇಲ್ಲ.

ಲಿಂಗದ ವಿಷಯ ಮೇಘಶ್ರೀಗೆ ಫೋನ್ ಮಾಡಿ ಹೇಳಿದೆ. ಆಶ್ರಮದಿಂದ ಕಳಿಸುವಾಗ ಮೈಮೇಲಿದ್ದದ್ದನ್ನೆಲ್ಲ ಬಿಚ್ಚಿ ಹೊಸ ಬಟ್ಟೆ ಹಾಕುತ್ತಿದ್ದರಂತೆ. ಆ ಉತ್ತರವನ್ನು ಅಮ್ಮನಿಗೆ ಹೇಳಲಿಲ್ಲ.

೯ ಮಾರ್ಚ್, ಭಾನುವಾರ

ಕ್ಷಮೆಗೆ ಗ್ರೀಕ್‌ನಲ್ಲಿ ಸಿಗ್ನೋಮಿ, ಸ್ವೀಡಿಷ್‌ನಲ್ಲಿ ಫೋರ್ಲೋತ್. ಎರಡನ್ನೂ ನೂರು ಸಲ ಹೇಳಿದೆ. ನಮ್ಮ ಮನೆಯಲ್ಲಿ ಕ್ಷಮಿಸು ಎಂದು ಯಾರೂ ಯಾರಿಗೂ ಅಂದದ್ದು ಕೇಳಿಲ್ಲ. ಹೋಗ್ಲಿ ಬಿಡು ಅನ್ನುತ್ತೇವೆ, ಅಷ್ಟೇ. ಅದನ್ನೂ ತಪ್ಪು ಮಾಡಿದವರೇ ಅನ್ನುವುದು.

೨೩ ಮಾರ್ಚ್, ಭಾನುವಾರ

ಫಲಿತಾಂಶ ಬಂತು. ಸ್ವೀಡನ್ನಿನವಳು ನನ್ನ ಮಗಳಲ್ಲ.

ಹಾಗಾದರೆ ನನ್ನವಳು ಗ್ರೀಸಿನಲ್ಲಿದ್ದಾಳೆ. ಗ್ರೀಕ್! ಅಡುಗೆಮನೆಗೆ ಓಡಿ ಹೋಗಿ ಅಮ್ಮನಿಗೆ ಹೇಳಿದೆ. "ಅದು ಎಲ್ಲಿ ಬರತ್ತೆ?" ಅಂದಳು. ಸಾಸಿವೆ ಡಬ್ಬಿ ಬೆಂಗಳೂರು, ಸಕ್ಕರೆ ಡಬ್ಬಿ ಗ್ರೀಸ್ ಎಂದು ಇಟ್ಟು ತೋರಿಸಿದೆ. ಅಮ್ಮ ಸಕ್ಕರೆ ಡಬ್ಬಿಯನ್ನು ಸ್ವಲ್ಪ ಹತ್ತಿರಕ್ಕೆ ಸರಿಸಿ ಅನ್ನಕ್ಕೆ ಇಟ್ಟಳು.

ಸ್ವೀಡನ್ನಿನವಳ ಹೆಸರು ಮಾಲಿನ್ ಅಂತೆ. ಮಾಲಿನ್ ಶಾರದಾ. ದತ್ತು ಕಾಗದದಲ್ಲಿದ್ದ ತಾಯಿಯ ಹೆಸರನ್ನೇ ತನ್ನ ಹೆಸರಿಗೆ ಸೇರಿಸಿಕೊಂಡಿದ್ದಾಳೆ. ತುಂಬ ಅತ್ತಳು ಎಂದಳು ಮೇಘಶ್ರೀ. ಪಾಪ. ಆದರೆ ನನಗೆ ಈಗ ಬೇರೆಯವರ ಅಳು ಕೇಳುವಷ್ಟು ಪುರುಸೊತ್ತಿಲ್ಲ.

ಸ್ವೀಡಿಷ್ ಪಾಠಗಳನ್ನು ಫೋನಿನಿಂದ ಅಳಿಸಿ ಹಾಕಿದೆ.

೩೦ ಮಾರ್ಚ್, ಯುಗಾದಿ

ಪತ್ರ ಮುಗಿಯಿತು. ಗ್ರೀಸಿನ ದತ್ತು ಕಚೇರಿಯವರಿಗೆ ಅವಳ ವಿಳಾಸ ಸಿಕ್ಕಿದೆಯಂತೆ. ಅದನ್ನು ನಮಗೆ ಕೊಡುವುದಿಲ್ಲ. ಪತ್ರ ಕೊಟ್ಟರೆ ತಲುಪಿಸುತ್ತಾರೆ.

ಹನ್ನೊಂದು ಸಾಲು. ಆರು ದಿನ ಹಿಡಿಯಿತು. ಮೇಘಶ್ರೀ "ಗೊತ್ತಿರೋರ ಹತ್ರ ತಪ್ಪು ತಿದ್ದಿಸ್ಲಾ ಆಂಟಿ?" ಅಂದಳು. ಬೇಡ, ನನ್ನ ತಪ್ಪು ನನ್ನದಾಗಿಯೇ ಇರಲಿ ಅಂದೆ. ನನ್ನ ಹೆಸರು ರಾಜಶ್ರೀ, ಸೀರೆಗೆ ಕುಚ್ಚು ಕಟ್ಟುತ್ತೇನೆ ಎಂದು ಬರೆದೆ. ನಿನಗೆ ಒಬ್ಬಳು ಅಜ್ಜಿ ಇದ್ದಾಳೆ, ನಿನ್ನ ಮೂಗು ನನ್ನದಂತೆ ಎಂದೆ. ಆಗ ನನಗೆ ಹತ್ತೊಂಬತ್ತು, ಕೈಯಲ್ಲಿ ಏನೂ ಇರಲಿಲ್ಲ ಎಂದೆ. ಏಳನೆಯ ಸಾಲಿನಲ್ಲಿ, ನಿನ್ನನ್ನು ನನಗೆ ತೋರಿಸಲೇ ಇಲ್ಲ ಎಂದೆ.

ಅದನ್ನು ಹಾಗೆಯೇ ಬಿಟ್ಟೆ. ಮೊದಲ ಪತ್ರದಲ್ಲೇ ಎಲ್ಲ ಯಾಕೆ, ಮುಂದೆ ಎದುರಿಗೆ ಸಿಕ್ಕಾಗ ಹೇಳಿದರಾಯಿತು.

ಅಮ್ಮ ಬೇವುಬೆಲ್ಲದ ಬಟ್ಟಲನ್ನು ಆ ಕಾಗದದ ಪಕ್ಕದಲ್ಲಿಟ್ಟು ಸ್ವಲ್ಪ ಹೊತ್ತು ನಿಂತಿದ್ದಳು.

೭ ಏಪ್ರಿಲ್

ಸುದ್ದಿ ಇಲ್ಲ.

೧೫ ಏಪ್ರಿಲ್

ಇಲ್ಲ. ಮದುವೆ ಸೀಸನ್, ಕೈಲಾಸ್ ಒಂದೇ ಸಲಕ್ಕೆ ಇಪ್ಪತ್ತೆರಡು ಸೀರೆ ಕಳಿಸಿದ್ದಾರೆ. ಕಟ್ಟುತ್ತ ಕಟ್ಟುತ್ತ ಗ್ರೀಕ್‌ನಲ್ಲಿ ಜಗಳ ಆಡುವುದನ್ನೂ ಕಲಿತೆ. ತಾಯಿ ಮಗಳು ಅಂದ ಮೇಲೆ ಜಗಳ ಬರದೆ ಇರುತ್ತದೆಯೇ.

೨ ಮೇ, ಶುಕ್ರವಾರ

ಬಂತು. ಕಚೇರಿಯವರ ಪತ್ರ, ಎರಡೇ ವಾಕ್ಯ. ಮೇಘಶ್ರೀ ಇಂಗ್ಲಿಷ್ ಮಾಡಿ ಕಳಿಸುವ ಮೊದಲೇ ನಾನು ಗ್ರೀಕ್‌ನಲ್ಲಿ ಓದಿಬಿಟ್ಟೆ. ಒಂದು ಪದಕ್ಕೂ ನಿಘಂಟು ಬೇಕಾಗಲಿಲ್ಲ.

ಅವರು ನಿಮ್ಮ ಪತ್ರವನ್ನು ಓದಿದ್ದಾರೆ. ಸಂಪರ್ಕ ಬೇಡ ಎಂದಿದ್ದಾರೆ, ಮುಂದೆ ಪತ್ರ ಕಳಿಸಬಾರದೆಂದು ಕೋರಿದ್ದಾರೆ.

೩ ಮೇ

ಅಮ್ಮ ಕೇಳಿದಳು. ಇನ್ನೂ ಬಂದಿಲ್ಲ ಅಂದೆ.

೧೧ ಮೇ

ಕಿವಿಗೆ ಏನೂ ಹಾಕಿಕೊಳ್ಳುತ್ತಿಲ್ಲ. ಆದರೂ ಆ ಭಾಷೆ ತಾನಾಗಿಯೇ ಬರುತ್ತದೆ. ಹಾಲು ಉಕ್ಕಿದರೆ ಗ್ರೀಕ್‌ನಲ್ಲಿ ಹಾಲು ಅನ್ನುತ್ತೇನೆ. ಇದನ್ನು ಮರೆಯುವುದಕ್ಕೆ ಎಷ್ಟು ಸೀರೆ ಬೇಕು?

೧೮ ಮೇ, ಭಾನುವಾರ

ಮೇಘಶ್ರೀ ಬಂದಿದ್ದಳು. 'ಹುಷಾರಾಗಿದೀರಾ' ಎಂದು ಶುರು ಮಾಡಿದಾಗಲೇ ಏನೋ ಇದೆ ಎಂದುಕೊಂಡೆ.

"ಆಂಟಿ, ಮಾಲಿನ್ ನಿಮ್ ಜೊತೆ ಮಾತಾಡ್ಬೇಕಂತೆ. ಅವಳಮ್ಮನ್ನ ನೋಡಿರೋರು ಅಂತ ಈ ಪ್ರಪಂಚದಲ್ಲಿ ನೀವೊಬ್ರೇ ಅಲ್ವಾ."

"ಅವಳು ನನ್ನ ಮಗಳಲ್ಲ."

"ಗೊತ್ತು ಆಂಟಿ."

"ನನ್ನ ಮಗಳಿಗೆ ನಾನು ಬೇಡ. ಯಾರದೋ ಮಗಳಿಗೆ ನಾನ್ಯಾಕೆ ಕಥೆ ಹೇಳ್ಲಿ?" ಎಂದು ಜೋರಾಗಿಯೇ ಅಂದೆ. ದರ್ಶಿನಿಯವರೆಲ್ಲ ತಿರುಗಿ ನೋಡಿದರು. ಮೇಘಶ್ರೀ ಕಣ್ಣು ಒರೆಸಿಕೊಂಡು ಬಸ್ ಹತ್ತಿದಳು. ಆ ಹುಡುಗಿಯ ತಪ್ಪೇನಿತ್ತು. ನಾನು ಇಂಥವಳೇ.

೨೫ ಮೇ, ಭಾನುವಾರ

ಆ ಇನ್ನೊಬ್ಬ ಶಾರದೆ ವಾರವಿಡೀ ತಲೆಯೊಳಗೆ ಕೂತಿದ್ದಾಳೆ. ಕಪ್ಪಗೆ, ಎತ್ತರ. ಬಸುರಿಯಾಗಿದ್ದಾಗ ಸ್ಲೇಟಿನ ಬಳಪ ತಿನ್ನುತ್ತಿದ್ದಳು, ನನ್ನ ಪಾಲಿನ ಹುಣಸೆಹಣ್ಣನ್ನೂ ಕದ್ದು ತಿಂದಳು. ಗೊರಕೆ ಹೊಡೆಯುತ್ತಿದ್ದಳು. ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಒಂದು ದಿನ "ನನ್ ನಿಜವಾದ ಹೆಸ್ರು ಸುಧಾಮಣಿ, ಯಾರಿಗೂ ಹೇಳ್ಬೇಡ" ಅಂದಳು. ನಾನು ನನ್ನ ಹೆಸರು ಹೇಳಲಿಲ್ಲ. ನನಗೆ ಭಯ.

ಯಾರಿಗೂ ಹೇಳಬೇಡ ಅಂದಿದ್ದಳು. ಮಗಳಿಗೆ ಹೇಳಿದರೆ ಬೈಯಲಾರಳು.

ಸ್ವೀಡಿಷ್ ಪಾಠಗಳನ್ನು ಮತ್ತೆ ಫೋನಿಗೆ ಇಳಿಸಿಕೊಂಡೆ. ಮೇಘಶ್ರೀಗೆ 'ತಪ್ಪಾಯ್ತು' ಎಂದು ಮೆಸೇಜ್ ಮಾಡಿದೆ.

೮ ಜೂನ್, ಭಾನುವಾರ

ಮಧ್ಯಾಹ್ನ ಎರಡೂವರೆಗೆ ವಿಡಿಯೋ ಕರೆ. ಮಾಲಿನ್ ಕಪ್ಪಗೆ, ಎತ್ತರ. ಸುಧಾಮಣಿಯೇ ಬಂದು ಕೂತ ಹಾಗಿತ್ತು. ಕಲಿತ ಸ್ವೀಡಿಷ್ ಅರ್ಧ ಮರೆತುಹೋಯಿತು. ಅವಳು ನಿಧಾನವಾಗಿ ಮಾತಾಡಿದಳು. ಸಿಕ್ಕಿಹಾಕಿಕೊಂಡ ಕಡೆ ಇಬ್ಬರೂ ಇಂಗ್ಲಿಷ್ ಹಿಡಿದುಕೊಂಡೆವು.

ಮೊದಲು ಹೆಸರು ಹೇಳಿದೆ. ಶಾರದಾ ಅನ್ನುವುದು ಕ್ಯಾಲೆಂಡರಿನದು, ನಿನ್ನಮ್ಮ ಸುಧಾಮಣಿ. ಅವಳು ಅದನ್ನು ನಾಲ್ಕೈದು ಸಲ ಹೇಳಿಕೊಂಡಳು, 'ಣ' ಬರಲೇ ಇಲ್ಲ. ಬಳಪ ತಿನ್ನುತ್ತಿದ್ದದ್ದು, ಹುಣಸೆಹಣ್ಣು ಕದ್ದದ್ದು, ಗೊರಕೆ, ಎಲ್ಲ ಹೇಳಿದೆ. ಗೊರಕೆ ಅಂದಾಗ ಪಕ್ಕದಲ್ಲಿದ್ದ ಅವಳ ಗಂಡನ ಕಡೆ ನೋಡಿ ನಕ್ಕಳು.

ನನ್ನನ್ನು ಎತ್ತಿಕೊಂಡಿದ್ದಳಾ ಎಂದು ಕೇಳಿದಳು.

ಎತ್ತಿಕೊಂಡಿದ್ದಳು. ಒಂಬತ್ತು ದಿನ ಕೆಳಗೆ ಇಳಿಸಲಿಲ್ಲ. ಊಟಕ್ಕೂ ಒಂದೇ ಕೈ. ಕೊಡುವುದಿಲ್ಲ ಎಂದು ಮೇಲ್ವಿಚಾರಕಿಯ ಜೊತೆ ಗುದ್ದಾಡಿದಳು. ಹತ್ತನೆಯ ದಿನ, ತಲೆಗೆ ನೀರು ಹಾಕಿಕೊಂಡು ಬಾ, ಅಷ್ಟರವರೆಗೆ ನೋಡಿಕೊಳ್ಳುತ್ತೇವೆ ಅಂದರು. ತಲೆ ಒರೆಸಿಕೊಳ್ಳುತ್ತ ಬಂದಾಗ ತೊಟ್ಟಿಲು ಖಾಲಿ. ಆ ಕೂಗು ನನ್ನ ಕಿವಿಯಲ್ಲಿದೆ. ಇದೆಲ್ಲವನ್ನೂ ಸ್ವೀಡಿಷ್‌ನಲ್ಲೇ ಹೇಳಿದೆ. ಎಲ್ಲಿಂದ ಬಂತೋ ಗೊತ್ತಿಲ್ಲ. ಮಾಲಿನ್ ಬಹಳ ಹೊತ್ತು ಅತ್ತಳು, ನಾನು ಕಾದೆ. ಆಮೇಲೆ ಮುಖ ಒರೆಸಿಕೊಂಡು, "ನೀನು? ನಿನ್ನ ಮಗಳನ್ನು ಎತ್ತಿಕೊಂಡಿದ್ದೆಯಾ?" ಎಂದು ಕೇಳಿದಳು. ಅವರ ಭಾಷೆಯಲ್ಲಿ ಎಲ್ಲರೂ ನೀನೇ ಅಲ್ಲವೇ.

ಇಲ್ಲ ಅಂದೆ. ತಂದು ತೋರಿಸಿದರು, ನಾನು ಗೋಡೆ ಕಡೆ ತಿರುಗಿ ಮಲಗಿದ್ದೆ, ಮುಖ ನೋಡಲಿಲ್ಲ ಅಂದೆ. ಈ ಮಾತು ನನ್ನ ಬಾಯಿಂದ ಯಾವ ಭಾಷೆಯಲ್ಲೂ ಇದುವರೆಗೆ ಹೊರಟಿರಲಿಲ್ಲ.

ಪತ್ರದಲ್ಲಿ ಇದನ್ನು ಅವಳಿಗೆ ಬರೆದಿದ್ದೆಯಾ ಎಂದು ಕೇಳಿದಳು. ಇಲ್ಲ, ತೋರಿಸಲೇ ಇಲ್ಲ ಎಂದು ಬರೆದೆ ಅಂದೆ. "ನಾನಾಗಿದ್ದರೆ ನಿಜ ಬೇಕಿತ್ತು" ಅಂದಳು. ಸಿಟ್ಟಿನಿಂದಲ್ಲ. ಬೇರೆ ಪತ್ರ ಬರೆಯುವಂತಿಲ್ಲ ಎಂದು ನಾನು ಹೇಳಲಿಲ್ಲ, ಮೇಘಶ್ರೀಯಿಂದ ಅವಳಿಗೆ ಗೊತ್ತಿತ್ತು.

ಫೋನ್ ಇಟ್ಟು ತಿರುಗಿದರೆ ಅಮ್ಮ ಬಾಗಿಲಲ್ಲಿ ನಿಂತಿದ್ದಾಳೆ.

"ಯಾರೇ ಅದು? ನಮ್ಮದಾ?"

"ಅಲ್ಲಮ್ಮ. ಇನ್ನೊಬ್ಬಳು ಶಾರದೆ ಇದ್ಲಲ್ಲ, ಅವಳ ಮಗಳು."

"ಮತ್ತೆ ನಮ್ಮದು?"

ಇನ್ನು ಮುಚ್ಚಿಡಲು ನನ್ನಲ್ಲಿ ತ್ರಾಣವಿರಲಿಲ್ಲ. "ನಮ್ಮೋಳಿಂದ ಉತ್ತರ ಬಂದು ತಿಂಗಳ ಮೇಲಾಯ್ತು. ನಾವು ಬೇಡ ಅಂದ್ಲು."

ಅಮ್ಮ ಚಾಪೆಯ ಮೇಲೆ ನನ್ನ ಪಕ್ಕದಲ್ಲಿ ಕೂತಳು. ಅರ್ಧ ಕುಚ್ಚು ಕಟ್ಟಿದ ಸೀರೆಯನ್ನು ಎತ್ತಿ ಮಡಿಲಿಗೆ ಹಾಕಿಕೊಂಡಳು. "ಬೇಡ ಅನ್ನೋಕೆ ಬಾಯಿದೆ ಅಂದ್ರೆ ಚೆನ್ನಾಗಿ ಸಾಕಿದಾರೆ ಬಿಡು" ಅಂದಳು. ಕುಚ್ಚಿನ ದಾರ ಬೆರಳಿಗೆ ಸುತ್ತಿಕೊಂಡಳು. ಮತ್ತೆ ಅಂದಳು, "ಆವತ್ತು ನಿಂಗೂ ಆ ಬಾಯಿ ಇದ್ದಿದ್ರೆ..."

"ಇದ್ದಿದ್ರೆ ನೀನು ಕೇಳ್ತಿದ್ಯಾ ಅಮ್ಮ?"

ಅವಳು ನನ್ನ ಮುಖ ನೋಡಿದಳು.

"ಇಲ್ಲ ಕಣೇ" ಅಂದಳು. "ಕೇಳ್ತಿರ್ಲಿಲ್ಲ."